ಅಂಗೈಯಲ್ಲೊಂದು ಆಟದ ಅಂಗಳ

ಮಗುವು ಮಾತು ಕಲಿಯುವುದಕ್ಕಿಂತ ಮೊದಲೇ ಆಡಲು ಕಲಿಯುತ್ತದೆ. ತೊಟ್ಟಿಲಿಗೆ ಕಟ್ಟಿದ ಗಿಲಕಿಯನ್ನು ಕಂಡು ಕೈಚಾಚುವ ಕ್ಷಣದಿಂದಲೇ ಅದರ ಆಟದ ಬದುಕು ಆರಂಭವಾಗುತ್ತದೆ. ಬುಗುರಿ, ಗೋಲಿ, ಚಿಣ್ಣಿಕೋಲು, ಗಾಳಿಪಟಗಳನ್ನು ದಾಟಿ ಬಂದ ಬಾಲ್ಯವು ಇಂದು ವಿದ್ಯುತ್ ಪರದೆಯ ಮುಂದೆ ಬಂದು ಕುಳಿತಿದೆ. ಕಾಲ ಬದಲಾದಂತೆ ಆಟಿಕೆಗಳೂ ಬದಲಾಗುವುದು ಸಹಜವೇ ಸರಿ. ಅದಕ್ಕಾಗಿ ಕಾಲವನ್ನು ಹಳಿಯುವುದರಲ್ಲಿ ಅರ್ಥವಿಲ್ಲ.

ಆದರೆ ಪ್ರತಿಯೊಂದು ಆಟಿಕೆಯೂ ಮನೆಯೊಳಗೆ ಕಾಲಿಡುವಾಗ ತನ್ನೊಡನೆ ಒಂದು ಕ್ರಮವನ್ನೂ ತರುತ್ತದೆಂಬುದನ್ನು ನಾವು ಗಮನಿಸಬೇಕು. ಎಲ್ಲಿ ಕುಳಿತು ಆಡಬೇಕು, ಯಾರೊಡನೆ ಆಡಬೇಕು, ಎಷ್ಟು ಹೊತ್ತು ಆಡಬೇಕು ಎಂಬುದನ್ನು ಬಹುಮಟ್ಟಿಗೆ ಆಟಿಕೆಯ ರಚನೆಯೇ ನಿರ್ಧರಿಸುತ್ತದೆ. ಚೌಕಾಬಾರದ ಮನೆಗಳನ್ನು ಬರೆದ ಮೇಲೆ ಎದುರಿಗೆ ಇನ್ನೊಬ್ಬರು ಕೂರಲೇಬೇಕು. ಅಳಗುಳಿ ಮಣೆಯನ್ನು ಹಾಸಿದರೆ ಎರಡನೆಯ ಜೋಡಿ ಕೈಗಳು ಬೇಕೇ ಬೇಕು. ಒಂದೇ ಜೋಡಿ ಕೈಗಳಿಗೆಂದು ನಿರ್ಮಿತವಾದ ಆಟಿಕೆಯು ಮನೆಗೆ ಬಂದಾಗ ಏನಾಗುತ್ತದೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, 2019ನೆಯ ಇಸವಿಯ ಸೆಪ್ಟೆಂಬರ್ 20ರಂದು ಜಪಾನಿನ ನಿಂಟೆಂಡೊ ಕಂಪನಿಯು ಮಾರುಕಟ್ಟೆಗೆ ತಂದ 'ಸ್ವಿಚ್ ಲೈಟ್' ಎಂಬ ಪುಟ್ಟ ಯಂತ್ರದ ಕಥೆಯನ್ನು ಓದುಗರಿಗೆ ತಿಳಿಸಬಯಸುತ್ತೇವೆ.

ಈ ಯಂತ್ರವು ಬಿಡುಗಡೆಯಾದಾಗ ಭಾರತದಲ್ಲಿ ಕಂಪನಿಯ ನೇರ ಮಾರಾಟದ ಏರ್ಪಾಡು ಇರಲಿಲ್ಲ. ಆಮದು ವ್ಯಾಪಾರಿಗಳ ಮೂಲಕವೂ ವಿದೇಶಗಳಲ್ಲಿ ನೆಲೆಸಿದ ಬಂಧುಗಳ ಪೆಟ್ಟಿಗೆಗಳಲ್ಲಿಯೂ ಅದು ನಮ್ಮ ಕಡೆಯ ಮನೆಗಳಿಗೆ ಬಂದಿತು. ಮಗನೋ ಅಳಿಯನೋ ಪ್ರೀತಿಯಿಂದ ತಂದುಕೊಟ್ಟ ಉಡುಗೊರೆಯನ್ನು ಬೇಡವೆನ್ನಲಾಗದು. ಅದು ಎಂತಹ ವಸ್ತುವೆಂಬುದನ್ನಾದರೂ ಹಿರಿಯರು ಅರಿತಿರುವುದು ಒಳ್ಳೆಯದು.

ಇಸ್ಪೀಟಿನ ಎಲೆಗಳಿಂದ ಆರಂಭ

ನಿಂಟೆಂಡೊ ಸಂಸ್ಥೆಯ ಮೂಲವು ವಿದ್ಯುತ್ ಯಂತ್ರಗಳಲ್ಲಿಲ್ಲ. 1889ರಲ್ಲಿ ಜಪಾನಿನ ಹಳೆಯ ರಾಜಧಾನಿಯಾದ ಕ್ಯೋಟೋ ನಗರದಲ್ಲಿ ಫುಸಾಜಿರೊ ಯಮಾಉಚಿ ಎಂಬುವರು 'ಹನಾಫುಡಾ' ಎಂಬ ಇಸ್ಪೀಟಿನ ಎಲೆಗಳನ್ನು ತಯಾರಿಸಲು ಈ ಸಂಸ್ಥೆಯನ್ನು ಸ್ಥಾಪಿಸಿದರು. ಹನಾಫುಡಾ ಎಂದರೆ ಹೂವಿನ ಎಲೆಗಳು. ವರ್ಷದ 12 ತಿಂಗಳುಗಳಿಗೆ ಒಂದೊಂದು ಹೂವು ಅಥವಾ ಗಿಡ, ಒಂದೊಂದಕ್ಕೆ ನಾಲ್ಕು ಎಲೆ, ಹೀಗೆ ಒಟ್ಟು 48 ಎಲೆಗಳ ಕಟ್ಟು ಅದು. ಸುತ್ತ ಕುಳಿತು ಹಲವರು ಆಡಬೇಕಾದ ಆಟದಿಂದಲೇ ಈ ಕಂಪನಿಯ ಜೀವನ ಆರಂಭವಾಯಿತೆಂಬುದು ಗಮನಾರ್ಹ.

1965ರಲ್ಲಿ ಗುನ್‌ಪೇ ಯೊಕೊಯಿ ಎಂಬ ತರುಣ ಇಂಜಿನಿಯರ್ ಈ ಸಂಸ್ಥೆಯನ್ನು ಸೇರಿದರು. ಇಸ್ಪೀಟಿನ ಎಲೆ ತಯಾರಿಸುವ ಯಂತ್ರಗಳ ಮೇಲ್ವಿಚಾರಣೆ ಅವರಿಗೆ ಒಪ್ಪಿಸಿದ್ದ ಕೆಲಸ. ಬಿಡುವಿನಲ್ಲಿ ತಮ್ಮ ವಿನೋದಕ್ಕೆಂದು ಅವರು ಮಾಡಿಕೊಂಡಿದ್ದ, ಚಾಚಿದರೆ ದೂರದ ವಸ್ತುವನ್ನು ಹಿಡಿಯುವ ಕತ್ತರಿಯಾಕಾರದ ಕೈಯೊಂದು ಕಂಪನಿಯ ಮುಖ್ಯಸ್ಥರ ಕಣ್ಣಿಗೆ ಬಿದ್ದಿತು. 1966ರಲ್ಲಿ ಅದು 'ಅಲ್ಟ್ರಾ ಹ್ಯಾಂಡ್' ಎಂಬ ಹೆಸರಿನ ಆಟಿಕೆಯಾಗಿ ಮಾರಾಟಕ್ಕೆ ಬಂದು ಹತ್ತು ಲಕ್ಷಕ್ಕೂ ಮೀರಿ ಖರ್ಚಾಯಿತು. ಅಂದಿನಿಂದ ಯೊಕೊಯಿ ಅವರು ಆಟಿಕೆಗಳ ನಿರ್ಮಾಪಕರಾದರು.

ಹಳೆಯ ವಿದ್ಯೆಗೆ ಹೊಸ ಉಪಯೋಗ

ರೈಲಿನಲ್ಲಿ ಪ್ರಯಾಣಿಸುತ್ತಿದ್ದಾಗ ಸಹಪ್ರಯಾಣಿಕನೊಬ್ಬ ಬೇಸರ ಕಳೆಯಲು ಕ್ಯಾಲ್ಕ್ಯುಲೇಟರಿನ ಗುಂಡಿಗಳನ್ನು ಒತ್ತುತ್ತ ಕುಳಿತಿದ್ದುದನ್ನು ಯೊಕೊಯಿ ಕಂಡರೆಂದೂ, ಕಿಸೆಯಲ್ಲಿ ಇಟ್ಟುಕೊಳ್ಳಬಹುದಾದ ಆಟದ ಯಂತ್ರದ ಕಲ್ಪನೆ ಅಲ್ಲಿಯೇ ಮೊಳೆಯಿತೆಂದೂ ಹೇಳುತ್ತಾರೆ. 1980ರಲ್ಲಿ 'ಗೇಮ್ ಅಂಡ್ ವಾಚ್' ಎಂಬ ಪುಟ್ಟ ಯಂತ್ರಗಳು ಬಂದವು. ಒಂದು ಯಂತ್ರದಲ್ಲಿ ಒಂದೇ ಆಟ, ಜೊತೆಗೊಂದು ಗಡಿಯಾರ. 1982ರಲ್ಲಿ ಬಂದ 'ಡಾಂಕಿ ಕಾಂಗ್' ಎಂಬ ಇದೇ ಸಾಲಿನ ಯಂತ್ರದಲ್ಲಿ ಯೊಕೊಯಿ ಅವರು ಎಡಗೈ ಹೆಬ್ಬೆರಳಿಗೆಂದು ಅಧಿಕ ಚಿಹ್ನೆಯ ಆಕಾರದ ಒಂದೇ ಗುಂಡಿಯನ್ನು ಅಳವಡಿಸಿದರು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಚಲಿಸಲು ಆ ಒಂದೇ ಗುಂಡಿ ಸಾಕಾಯಿತು. ಈ ಗುಂಡಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಮಾತು ಮತ್ತೆ ಬರುತ್ತದೆ.

ಯೊಕೊಯಿ ಅವರದೊಂದು ತತ್ತ್ವವಿದ್ದಿತು. ಹೊಸತಾಗಿ ಹುಟ್ಟಿದ ದುಬಾರಿ ತಂತ್ರಜ್ಞಾನದ ಬೆನ್ನು ಹತ್ತುವುದಕ್ಕಿಂತ, ಬಳಕೆಯಲ್ಲಿ ಪಳಗಿ ಅಗ್ಗವಾದ ಹಳೆಯ ತಂತ್ರಜ್ಞಾನವನ್ನು ಯಾರೂ ಯೋಚಿಸದ ರೀತಿಯಲ್ಲಿ ಉಪಯೋಗಿಸುವುದು ಲೇಸೆಂಬುದು ಅದರ ಸಾರ. 1989ರ ಏಪ್ರಿಲಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ 'ಗೇಮ್ ಬಾಯ್' ಈ ತತ್ತ್ವದ ಫಲ. ಅದರ ಪರದೆಗೆ ಬಣ್ಣವಿರಲಿಲ್ಲ, ಒಳಗಿನಿಂದ ಬೆಳಕೂ ಇರಲಿಲ್ಲ. ನಾಲ್ಕು ಛಾಯೆಗಳಲ್ಲಿ ಮಾತ್ರ ಚಿತ್ರ ಮೂಡುತ್ತಿತ್ತು. ಆದರೆ ನಾಲ್ಕು ಪೆನ್ಸಿಲ್ ಸೆಲ್ಲುಗಳಲ್ಲಿ ಹತ್ತಾರು ಗಂಟೆ ನಡೆಯುತ್ತಿತ್ತು. ಮರುವರ್ಷ ಸೆಗಾ ಕಂಪನಿಯು ಬಣ್ಣದ ಪರದೆಯ 'ಗೇಮ್ ಗಿಯರ್' ಎಂಬ ಯಂತ್ರವನ್ನು ತಂದಿತು. ನೋಡಲು ಸುಂದರವೇ. ಆದರೆ ಆರು ಸೆಲ್ಲುಗಳನ್ನು ನಾಲ್ಕೈದು ಗಂಟೆಗಳೊಳಗೆ ಮುಗಿಸುತ್ತಿದ್ದ ಅದನ್ನು ಮಕ್ಕಳ ಕೈಗೆ ಕೊಟ್ಟ ತಂದೆತಾಯಿಗಳ ಜೇಬಿಗೆ ಅದು ಭಾರವಾಯಿತು. ಗೇಮ್ ಬಾಯ್ ಮತ್ತು ಅದರ ಬಣ್ಣದ ಅವತರಣಿಕೆ ಸೇರಿ ಜಗತ್ತಿನಲ್ಲಿ 11 ಕೋಟಿಗೂ ಹೆಚ್ಚು ಮಾರಾಟವಾದವು.

ಗೇಮ್ ಬಾಯ್‌ನೊಡನೆ ಲೋಕಪ್ರಸಿದ್ಧವಾದ ಆಟ 'ಟೆಟ್ರಿಸ್'. 1984ರಲ್ಲಿ ಮಾಸ್ಕೋ ನಗರದ ವಿಜ್ಞಾನ ಅಕಾಡೆಮಿಯಲ್ಲಿ ಅಲೆಕ್ಸಿ ಪಜಿಟ್ನೋವ್ ಎಂಬುವರು ರಚಿಸಿದ ಆಟವಿದು. ಮೇಲಿನಿಂದ ಬೀಳುವ ಇಟ್ಟಿಗೆಯ ತುಂಡುಗಳನ್ನು ಸಂದಿಲ್ಲದಂತೆ ಜೋಡಿಸುವುದೇ ಅದರ ನಿಯಮ. 1990ರ ದಶಕದಲ್ಲಿ ನಮ್ಮ ಜಾತ್ರೆಗಳಲ್ಲಿಯೂ ಪೇಟೆಯ ಆಟಿಕೆ ಅಂಗಡಿಗಳಲ್ಲಿಯೂ '9999 ಆಟಗಳು' ಎಂಬ ಬರಹ ಹೊತ್ತು ಮಾರಾಟಕ್ಕಿದ್ದ ಅಗ್ಗದ 'ಬ್ರಿಕ್ ಗೇಮ್' ಯಂತ್ರಗಳು ಅದೇ ಇಟ್ಟಿಗೆ ಆಟದ ಅನುಕರಣೆಗಳಾಗಿದ್ದವು. ಇಂದು ಮಕ್ಕಳ ತಂದೆತಾಯಿಗಳಾಗಿರುವ ಅನೇಕರು ಅವುಗಳನ್ನು ಹಿಡಿದು ಕುಳಿತವರೇ. ಆದ್ದರಿಂದ ಅಂಗೈಯಗಲದ ಆಟವು ನಮ್ಮ ಮನೆಗಳಿಗೆ ತೀರ ಅಪರಿಚಿತವೇನಲ್ಲ.

ಎರಡು ಧಾರೆಗಳ ಸಂಗಮ

ಬಹುಕಾಲ ಆಟದ ಯಂತ್ರಗಳು ಎರಡು ಧಾರೆಗಳಲ್ಲಿ ಹರಿದುಬಂದವು. ಟಿ.ವಿ.ಗೆ ಜೋಡಿಸಿ ನಡುಮನೆಯಲ್ಲಿ ಎಲ್ಲರೂ ಕುಳಿತು ಆಡುವ ಯಂತ್ರಗಳು ಒಂದು ಕಡೆ. ಕೈಯಲ್ಲಿ ಹಿಡಿದು ಒಬ್ಬರೇ ಆಡುವ ಯಂತ್ರಗಳು ಇನ್ನೊಂದು ಕಡೆ. 2017ರ ಮಾರ್ಚ್ 3ರಂದು ಬಿಡುಗಡೆಯಾದ 'ನಿಂಟೆಂಡೊ ಸ್ವಿಚ್' ಈ ಎರಡನ್ನೂ ಒಂದುಗೂಡಿಸಿತು.

ಅದರ ರಚನೆ ಹೀಗಿದೆ. ನಡುವೆ 6.2 ಅಂಗುಲದ ಪರದೆ. ಅದರ ಎಡಬಲಗಳಲ್ಲಿ 'ಜಾಯ್‌ಕಾನ್' ಎಂಬ ಎರಡು ಹಿಡಿಕೆಗಳು. ಪರದೆಯನ್ನು ಒಂದು ಪೀಠದಲ್ಲಿ ಇರಿಸಿದರೆ ಆಟವು ಟಿ.ವಿ.ಯ ಮೇಲೆ ಮೂಡುತ್ತದೆ. ಪೀಠದಿಂದ ತೆಗೆದರೆ ಅದೇ ಆಟ ಕೈಯಲ್ಲಿ ಮುಂದುವರಿಯುತ್ತದೆ. ಹಿಂಬದಿಯಲ್ಲಿ ಮಡಚಿಟ್ಟ ಕಾಲನ್ನು ಬಿಡಿಸಿ ಮೇಜಿನ ಮೇಲೆ ನಿಲ್ಲಿಸಲೂಬಹುದು. ಆಗ ಎರಡು ಹಿಡಿಕೆಗಳನ್ನು ಬಿಚ್ಚಿ ಅಣ್ಣನಿಗೊಂದು ತಂಗಿಗೊಂದು ಕೊಟ್ಟರೆ ಇಬ್ಬರೂ ಕೂಡಿ ಆಡಬಹುದು. ಒಂದೇ ಯಂತ್ರವನ್ನು ಕೊಂಡರೂ ಇಬ್ಬರಿಗೆ ಆಟ ದೊರೆಯುವಂತೆ ಮಾಡಿದ ಈ ಯೋಜನೆ ಜನಮನವನ್ನು ಗೆದ್ದಿತು. ಅಮೆರಿಕದಲ್ಲಿ ಅದರ ಬೆಲೆ 299.99 ಡಾಲರ್ ಇದ್ದಿತು. ಸ್ವಿಚ್ ಕುಟುಂಬದ ಎಲ್ಲ ಮಾದರಿಗಳೂ ಸೇರಿ ಮುಂದೆ 15 ಕೋಟಿಗೂ ಹೆಚ್ಚು ಮಾರಾಟವಾದವು.

ಇದರ ಆಟಗಳು ಅಂಚೆಚೀಟಿಯಷ್ಟೇ ಚಿಕ್ಕದಾದ ಕಾರ್ಡುಗಳಲ್ಲಿ ಬರುತ್ತವೆ. ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಂಡು ನುಂಗಬಾರದೆಂದು ಕಂಪನಿಯವರು ಈ ಕಾರ್ಡುಗಳಿಗೆ ತೀರ ಕಹಿಯಾದ, ಆದರೆ ಅಪಾಯವಿಲ್ಲದ ರಾಸಾಯನಿಕವೊಂದನ್ನು ಲೇಪಿಸಿದ್ದಾರೆ. ನಮ್ಮ ಹಿರಿಯರು ಮಗುವಿನ ಹಾಲು ಬಿಡಿಸಲು ಬೇವಿನ ರಸ ಹಚ್ಚುತ್ತಿದ್ದ ಉಪಾಯವು ಇಲ್ಲಿ ನೆನಪಾಗದೆ ಇರದು.

ಬಿಟ್ಟದ್ದೇನು, ಗಳಿಸಿದ್ದೇನು

ಎರಡು ವರ್ಷಗಳ ಬಳಿಕ ಬಂದ ಸ್ವಿಚ್ ಲೈಟ್ ಇದೇ ಯಂತ್ರದ ಕಿರಿಯ ರೂಪ. ದೊಡ್ಡದರ ಕೆಲಸಗಳಲ್ಲಿ ಒಂದನ್ನು ಮಾತ್ರ, ಎಂದರೆ ಕೈಯಲ್ಲಿ ಹಿಡಿದು ಆಡುವುದನ್ನು ಮಾತ್ರ ಉಳಿಸಿಕೊಂಡು ಮಿಕ್ಕುದೆಲ್ಲವನ್ನೂ ಬಿಟ್ಟುಕೊಟ್ಟ ಯಂತ್ರವಿದು. ಟಿ.ವಿ.ಗೆ ಜೋಡಿಸುವ ಪೀಠವಿಲ್ಲ. ಪ್ರತ್ಯೇಕವಾಗಿ ಪೀಠವನ್ನು ಕೊಂಡರೂ ಟಿ.ವಿ.ಯ ಮೇಲೆ ಚಿತ್ರ ಬಾರದು. ಹಿಡಿಕೆಗಳು ಬಿಚ್ಚಿಬರುವುದಿಲ್ಲ. ಮೇಜಿನ ಮೇಲೆ ನಿಲ್ಲಿಸುವ ಕಾಲಿಲ್ಲ. ಆಟಕ್ಕೆ ತಕ್ಕಂತೆ ಕೈಯಲ್ಲಿ ಕಂಪನ ಹುಟ್ಟಿಸುವ ಏರ್ಪಾಡಿಲ್ಲ. ಬಲಬದಿಯ ಹಿಡಿಕೆಯಲ್ಲಿದ್ದ ಅತಿಗೆಂಪು ಕಿರಣದ ಕಣ್ಣೂ ಇಲ್ಲ. 'ಸ್ವಿಚ್' ಎಂದರೆ ಒಂದರಿಂದ ಇನ್ನೊಂದಕ್ಕೆ ಬದಲಾಗುವುದು ಎಂದರ್ಥ. ಹೆಸರಿನಲ್ಲಿದ್ದ ಆ ಗುಣವೇ ಇಲ್ಲವಾಯಿತೆಂದು ಅನೇಕರು ವಿನೋದವಾಡಿದರು.

ಆದರೆ ಬಿಟ್ಟುಕೊಟ್ಟದ್ದರಿಂದ ಗಳಿಸಿದ್ದೂ ಕಡಿಮೆಯಲ್ಲ. ಹಿಡಿಕೆಗಳು ಸೇರಿ ಸುಮಾರು 398 ಗ್ರಾಂ ತೂಗುತ್ತಿದ್ದ ಯಂತ್ರ ಸುಮಾರು 275 ಗ್ರಾಮಿಗೆ ಇಳಿಯಿತು. ಪರದೆ 5.5 ಅಂಗುಲಕ್ಕೆ ಕಿರಿದಾಯಿತಾದರೂ ಚಿತ್ರದ ಬಿಂದುಗಳ ಸಂಖ್ಯೆ ಅಷ್ಟೇ ಉಳಿದುದರಿಂದ ಚಿತ್ರ ಇನ್ನಷ್ಟು ಒತ್ತಾಗಿ ಸ್ಫುಟವಾಯಿತು. ಒಳಗಿನ ಚಿಪ್ಪು ಮೊದಲಿನದಕ್ಕಿಂತ ಮಿತವಾಗಿ ವಿದ್ಯುತ್ತನ್ನು ಬಳಸುವಂತಹದು. ಹೀಗಾಗಿ ಬ್ಯಾಟರಿ ಚಿಕ್ಕದಾದರೂ ಆಟದ ಅವಧಿ ಮೂರರಿಂದ ಏಳು ಗಂಟೆಗಳಷ್ಟಾಯಿತು. 2017ರ ಮೊದಲ ಸ್ವಿಚ್‌ನಲ್ಲಿ ಇದು ಎರಡೂವರೆಯಿಂದ ಆರೂವರೆ ಗಂಟೆಗಳಷ್ಟಿದ್ದಿತು. ಎಲ್ಲಕ್ಕಿಂತ ಮಿಗಿಲಾಗಿ ಬೆಲೆಯು 199.99 ಡಾಲರಿಗೆ ಇಳಿಯಿತು. ಒಂದು ಮಗುವಿನ ಕೈಗೆ ಒಂದು ಯಂತ್ರವೆಂಬ ಲೆಕ್ಕದಲ್ಲಿ ಕೊಳ್ಳುವ ಕುಟುಂಬಕ್ಕೆ ನೂರು ಡಾಲರ್ ಉಳಿಯುವುದು ಸಣ್ಣ ಮಾತಲ್ಲ.

ಮೇಲೆ ಹೇಳಿದ ಅಧಿಕ ಚಿಹ್ನೆಯ ಗುಂಡಿಯ ಮಾತು ಇಲ್ಲಿ ಬರುತ್ತದೆ. ದೊಡ್ಡ ಸ್ವಿಚ್‌ನ ಎಡ ಹಿಡಿಕೆಯನ್ನು ಬಿಚ್ಚಿ ಇನ್ನೊಬ್ಬ ಆಟಗಾರನ ಕೈಗೆ ಕೊಡಬೇಕಾಗಿದ್ದುದರಿಂದ ಅಲ್ಲಿ ಯೊಕೊಯಿ ಅವರ ಗುಂಡಿಯನ್ನು ಕೈಬಿಟ್ಟು ನಾಲ್ಕು ಬಿಡಿ ಗುಂಡಿಗಳನ್ನು ಇಡಲಾಗಿದ್ದಿತು. ಲೈಟ್‌ನಲ್ಲಿ ಹಿಡಿಕೆ ಬಿಚ್ಚುವ ಪ್ರಸಂಗವೇ ಇಲ್ಲ. ಆದ್ದರಿಂದ 1982ರ ಆ ಹಳೆಯ ಗುಂಡಿ ತನ್ನ ಸ್ಥಾನಕ್ಕೆ ಮರಳಿತು. ಹೆಬ್ಬೆರಳಿಗೆ ಅದು ಹಿತವೆಂದು ಆಟಗಾರರು ಮೆಚ್ಚಿದರು. ಆದರೆ ಅದು ಮರಳಿದ್ದು ಎರಡನೆಯ ಆಟಗಾರನ ಸ್ಥಾನ ತೆರವಾದುದರಿಂದ ಎಂಬುದನ್ನು ಮರೆಯುವಂತಿಲ್ಲ.

ಕಿರಿದಾದುದೆಲ್ಲ ಗೆಲ್ಲುವುದಿಲ್ಲ

ಯಂತ್ರವನ್ನು ಚಿಕ್ಕದು ಮಾಡಿದ ಮಾತ್ರಕ್ಕೆ ಜನ ಒಪ್ಪುತ್ತಾರೆಂದಲ್ಲ. 2005ರಲ್ಲಿ ಇದೇ ನಿಂಟೆಂಡೊ 'ಗೇಮ್ ಬಾಯ್ ಮೈಕ್ರೋ' ಎಂಬ ಅತಿ ಪುಟ್ಟ ಯಂತ್ರವನ್ನು ತಂದಿತು. ಹಳೆಯ ಗೇಮ್ ಬಾಯ್ ಆಟಗಳು ಅದರಲ್ಲಿ ನಡೆಯುತ್ತಿರಲಿಲ್ಲ. ಅದರ ಮಾರಾಟ 25 ಲಕ್ಷವನ್ನೂ ಮುಟ್ಟಲಿಲ್ಲ. 2009ರಲ್ಲಿ ಸೋನಿ ಕಂಪನಿಯು 'ಪಿ.ಎಸ್.ಪಿ. ಗೋ' ಎಂಬ ಕಿರಿಯ ಮಾದರಿಯನ್ನು ತಂದಿತು. ಆಟದ ಡಿಸ್ಕು ಹಾಕುವ ಏರ್ಪಾಡನ್ನು ತೆಗೆದುಹಾಕಿದರೂ ಬೆಲೆಯನ್ನು ದೊಡ್ಡ ಮಾದರಿಗಿಂತ ಹೆಚ್ಚಿಗೆ ಇಟ್ಟರು. ಕಡಿಮೆ ಕೊಟ್ಟು ಹೆಚ್ಚು ಕೇಳಿದುದನ್ನು ಜನ ಸಹಿಸಲಿಲ್ಲ. ಅದು ಬೇಗನೆ ಮರೆಯಾಯಿತು.

ಇದಕ್ಕೆ ಪ್ರತಿಯಾಗಿ 2013ರ ಅಕ್ಟೋಬರಿನಲ್ಲಿ ನಿಂಟೆಂಡೊ ತಂದ 'ಟು ಡಿ.ಎಸ್.' ಎಂಬ ಯಂತ್ರವು ದಾರಿ ತೋರಿಸಿತು. ಅದರ ಹಿರಿಯ ಮಾದರಿಯಲ್ಲಿ ಮೂರು ಆಯಾಮದ ಚಿತ್ರ ಕಾಣುವ ವಿಶೇಷವಿದ್ದಿತು. ಆದರೆ ಆರು ವರ್ಷ ಮತ್ತು ಅದಕ್ಕಿಂತ ಕಿರಿಯ ಮಕ್ಕಳು ಆ ಚಿತ್ರವನ್ನು ನೋಡಬಾರದೆಂದು ಕಂಪನಿಯೇ ಎಚ್ಚರಿಸಿದ್ದಿತು. ಹಾಗಾದರೆ ಆ ಮಕ್ಕಳಿಗಾಗಿ ಆ ವಿಶೇಷವನ್ನೂ, ಮುರಿಯಬಹುದಾದ ಮಡಚುವ ಕೀಲನ್ನೂ ತೆಗೆದು ಬೆಲೆ ತಗ್ಗಿಸಬಾರದೇಕೆ? ಈ ವಿವೇಕವೇ ಟು ಡಿ.ಎಸ್. ಆಗಿ ಬಂದಿತು. ಸ್ವಿಚ್ ಲೈಟ್ ಅದೇ ದಾರಿಯಲ್ಲಿ ನಡೆಯಿತು. ಲೈಟ್ ಒಂದೇ ಎರಡು ಕೋಟಿಗೂ ಹೆಚ್ಚು ಮಾರಾಟವಾದುದು ಈ ದಾರಿ ಸರಿಯಾದುದೆಂಬುದಕ್ಕೆ ಸಾಕ್ಷಿ.

ಬಿಚ್ಚಿಬಾರದ ಹಿಡಿಕೆಯ ತೊಡಕು

ಒಳ್ಳೆಯದನ್ನು ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಸ್ವಿಚ್‌ನ ಹಿಡಿಕೆಗಳಲ್ಲಿ ಹೆಬ್ಬೆರಳಿನಿಂದ ತಿರುಗಿಸುವ ಪುಟ್ಟ ಕಡ್ಡಿಗಳಿವೆ. ಬಳಸುತ್ತ ಹೋದಂತೆ ಕೆಲವು ಯಂತ್ರಗಳಲ್ಲಿ ಕಡ್ಡಿಯನ್ನು ಮುಟ್ಟದೆ ಇದ್ದರೂ ಪರದೆಯ ಮೇಲಿನ ಗೊಂಬೆ ತಾನಾಗಿಯೇ ಚಲಿಸತೊಡಗಿತು. ಈ ದೋಷದ ಬಗ್ಗೆ 2019ರ ಜುಲೈನಲ್ಲಿ ಅಮೆರಿಕದಲ್ಲಿ ಗ್ರಾಹಕರು ನ್ಯಾಯಾಲಯದ ಮೆಟ್ಟಿಲೇರಿದರು. ಲೈಟ್ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅದನ್ನೂ ದಾವೆಯೊಳಗೆ ಸೇರಿಸಲಾಯಿತು. 2020ರ ಜೂನಿನಲ್ಲಿ ಕಂಪನಿಯ ಅಧ್ಯಕ್ಷ ಶುಂಟಾರೊ ಫುರುಕಾವಾ ಅವರು ಷೇರುದಾರರ ಸಭೆಯಲ್ಲಿ, ಗ್ರಾಹಕರಿಗೆ ಉಂಟಾದ ತೊಂದರೆಗಾಗಿ ಕ್ಷಮೆ ಯಾಚಿಸಿದರು. 2021ರ ಜನವರಿಯಲ್ಲಿ ಯುರೋಪಿನ ಗ್ರಾಹಕ ಸಂಘಟನೆಗಳ ಒಕ್ಕೂಟವೂ ಯುರೋಪಿಯನ್ ಆಯೋಗಕ್ಕೆ ದೂರು ಸಲ್ಲಿಸಿತು.

ದೊಡ್ಡ ಸ್ವಿಚ್‌ನಲ್ಲಿ ಕಡ್ಡಿ ಕೆಟ್ಟರೆ ಹಿಡಿಕೆಯೊಂದನ್ನೇ ಬದಲಿಸಬಹುದು. ಲೈಟ್‌ನಲ್ಲಿ ಎಲ್ಲವೂ ಒಂದೇ ಮೈಯಾಗಿರುವುದರಿಂದ ಇಡೀ ಯಂತ್ರವನ್ನೇ ದುರಸ್ತಿಗೆ ಕಳುಹಿಸಬೇಕು. ಬಾಗಿಲ ಚಿಲಕ ಕೆಟ್ಟರೆ ಬಾಗಿಲನ್ನೇ ಕಿತ್ತು ಬಡಗಿಯ ಮನೆಗೆ ಹೊತ್ತೊಯ್ಯುವಂತಹ ಸ್ಥಿತಿ ಇದು. ಆಮದಾಗಿ ಬಂದ ಯಂತ್ರವಾದರೆ ಕಂಪನಿಯ ಖಾತರಿಯೂ ನೆರವಿಗೆ ಬಾರದೆ ಹೋಗಬಹುದು. ಕೊಳ್ಳುವವರು ಇದನ್ನು ಮೊದಲೇ ಯೋಚಿಸಬೇಕು.

ಒಂದು ದ್ವೀಪ, ಎಂಟು ನಿವಾಸಿಗಳು

ಲೈಟ್ ಬಂದು ಆರು ತಿಂಗಳಾಗುವಷ್ಟರಲ್ಲಿ ಕೊರೋನಾ ಮಹಾಮಾರಿ ಜಗತ್ತನ್ನು ಮನೆಯೊಳಗೆ ಕೂಡಿಹಾಕಿತು. 2020ರ ಮಾರ್ಚ್ 20ರಂದು 'ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್' ಎಂಬ ಆಟ ಬಿಡುಗಡೆಯಾಯಿತು. ನಿರ್ಜನ ದ್ವೀಪವೊಂದರಲ್ಲಿ ಮನೆ ಕಟ್ಟಿ, ಗಿಡ ನೆಟ್ಟು, ಮೀನು ಹಿಡಿದು, ನೆರೆಹೊರೆಯವರೊಡನೆ ಬಾಳುವ ಶಾಂತವಾದ ಆಟವದು. ಅದರಲ್ಲಿ ಗೆಲುವೂ ಇಲ್ಲ, ಸೋಲೂ ಇಲ್ಲ. ಹೊರಗೆ ಹೋಗಲಾರದ ಜನ ಆ ದ್ವೀಪಗಳಲ್ಲಿ ಒಬ್ಬರನ್ನೊಬ್ಬರು ಭೇಟಿಯಾದರು. ಆಟವು 4 ಕೋಟಿಗೂ ಹೆಚ್ಚು ಪ್ರತಿಗಳಲ್ಲಿ ಮಾರಾಟವಾಯಿತು. ಅನೇಕ ದೇಶಗಳಲ್ಲಿ ಸ್ವಿಚ್ ಯಂತ್ರಗಳಿಗೆ ಅಭಾವವುಂಟಾಯಿತು.

ಈ ಆಟದ ನಿಯಮವೊಂದು ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ಒಂದು ಯಂತ್ರಕ್ಕೆ ಒಂದೇ ದ್ವೀಪ. ಆ ಒಂದು ದ್ವೀಪದಲ್ಲಿ ಮನೆಮಂದಿಯಲ್ಲಿ ಎಂಟು ಜನರವರೆಗೆ ನಿವಾಸಿಗಳಾಗಬಹುದು. ಮನೆಯಲ್ಲಿ ಒಂದೇ ಯಂತ್ರವಿದ್ದರೆ ಅಕ್ಕ ನೆಟ್ಟ ಗಿಡಕ್ಕೆ ತಮ್ಮ ನೀರು ಹಾಕಬೇಕು. ತಮ್ಮ ಕಟ್ಟಿದ ಸೇತುವೆಯ ಮೇಲೆ ತಾಯಿ ನಡೆಯಬೇಕು. ಪ್ರತಿಯೊಬ್ಬರಿಗೂ ಒಂದೊಂದು ಯಂತ್ರವಿದ್ದರೆ ಪ್ರತಿಯೊಬ್ಬರಿಗೂ ಒಂದೊಂದು ದ್ವೀಪ. ಅವರವರ ದ್ವೀಪಕ್ಕೆ ಅವರವರೇ ಒಡೆಯರು. ಒಂದೇ ಮನೆಯಲ್ಲಿದ್ದುಕೊಂಡು ಬೇರೆಬೇರೆ ದ್ವೀಪಗಳಲ್ಲಿ ವಾಸಿಸುವ ಸ್ಥಿತಿಯು ಆಟದೊಳಗೆ ಮಾತ್ರ ಇದ್ದರೆ ಚಿಂತೆಯಿಲ್ಲ. ಅದು ಊಟದ ಪಂಕ್ತಿಯವರೆಗೂ ಬಂದರೆ ಚಿಂತಿಸಬೇಕಾಗುತ್ತದೆ.

ಲೈಟ್‌ನಲ್ಲಿ ಜೊತೆಗೂಡಿ ಆಡಲು ದಾರಿಯೇ ಇಲ್ಲವೆಂದಲ್ಲ. ಹತ್ತಿರ ಕುಳಿತವರು ತಮ್ಮ ತಮ್ಮ ಯಂತ್ರಗಳನ್ನು ತಂತಿಯಿಲ್ಲದೆ ಜೋಡಿಸಿಕೊಂಡು ಕೂಡಿ ಆಡಬಹುದು. ಆದರೆ ಅದಕ್ಕೆ ಪ್ರತಿಯೊಬ್ಬರ ಬಳಿಯೂ ಯಂತ್ರವಿರಬೇಕು. ಅನೇಕ ಆಟಗಳಲ್ಲಿ ಪ್ರತಿಯೊಬ್ಬರ ಬಳಿಯೂ ಆಟದ ಪ್ರತಿಯಿರಬೇಕು. ಜಾಯ್‌ಕಾನ್‌ಗಳನ್ನು ಪ್ರತ್ಯೇಕವಾಗಿ ಕೊಂಡು ಜೋಡಿಸಲೂಬಹುದು. ಆಗ ಐದೂವರೆ ಅಂಗುಲದ ಪರದೆಯನ್ನು ಏನಕ್ಕಾದರೂ ಆನಿಸಿ ನಿಲ್ಲಿಸಿ ಇಬ್ಬರೂ ಕಣ್ಣು ಕಿರಿದು ಮಾಡಿ ನೋಡಬೇಕು. ಲೈಟ್ ಬಂದ ಮರುತಿಂಗಳೇ, ಮೈಯೆಲ್ಲ ಬಾಗಿಸಿ ವ್ಯಾಯಾಮ ಮಾಡಿಸುವ 'ರಿಂಗ್ ಫಿಟ್ ಅಡ್ವೆಂಚರ್' ಎಂಬ ಆಟ ಬಂದಿತು. ಅದಕ್ಕೂ ಬಿಚ್ಚಿಬರುವ ಹಿಡಿಕೆಗಳೇ ಬೇಕು. ಹೀಗೆ ಎದ್ದು ನಿಂತು ಆಡುವ ಆಟಗಳೂ ಕೂಡಿ ಆಡುವ ಆಟಗಳೂ ಲೈಟ್‌ನಿಂದ ಬಹುಮಟ್ಟಿಗೆ ದೂರವಾದವು. ಕುಳಿತಲ್ಲೇ ಒಬ್ಬರೇ ಆಡುವ ಆಟ ಉಳಿಯಿತು.

ವೈದ್ಯರು ಹೇಳುವುದೇನು

2019ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆಟದ ಗೀಳನ್ನು ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಲು ಒಪ್ಪಿತು. 2022ರ ಜನವರಿ 1ರಿಂದ ಆ ಪಟ್ಟಿ ಜಾರಿಗೆ ಬಂದಿತು. ಹಾಗೆಂದು ಆಡುವ ಮಕ್ಕಳೆಲ್ಲ ರೋಗಿಗಳಲ್ಲ. ಆಟದ ಮೇಲೆ ಹತೋಟಿ ತಪ್ಪುವುದು, ಊಟ, ನಿದ್ರೆ, ಓದುಗಳಿಗಿಂತ ಆಟವೇ ಮೇಲಾಗುವುದು, ಹಾನಿಯಾಗುತ್ತಿದ್ದರೂ ಬಿಡಲಾಗದಿರುವುದು, ಈ ಲಕ್ಷಣಗಳು ಸಾಮಾನ್ಯವಾಗಿ ಒಂದು ವರ್ಷದವರೆಗೆ ಕಂಡುಬಂದರೆ ಮಾತ್ರ ಅದನ್ನು ರೋಗವೆನ್ನುತ್ತಾರೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ತಂತ್ರಜ್ಞಾನದ ಆರೋಗ್ಯಕರ ಬಳಕೆಗೆಂದು 'ಶಟ್ ಕ್ಲಿನಿಕ್' ಎಂಬ ವಿಭಾಗವನ್ನು ಆರಂಭಿಸಿದ್ದುದು ಹೆಮ್ಮೆಯ ಸಂಗತಿ. ಜಪಾನಿನ ಕಗಾವಾ ಪ್ರಾಂತ್ಯವು 2020ರ ಏಪ್ರಿಲಿನಿಂದ ಹದಿನೆಂಟು ತುಂಬದ ಮಕ್ಕಳಿಗೆ ಶಾಲೆಯ ದಿನಗಳಲ್ಲಿ 60 ನಿಮಿಷ, ರಜೆಯ ದಿನಗಳಲ್ಲಿ 90 ನಿಮಿಷ ಎಂಬ ಮಿತಿಯನ್ನು ಸೂಚಿಸುವ ಶಾಸನವನ್ನೇ ಮಾಡಿತು. ಅದರಲ್ಲಿ ದಂಡನೆಯಿಲ್ಲ, ಪಾಲಿಸುವ ಹೊಣೆ ಮನೆಯವರದೇ.

ಆಟದ ಯಂತ್ರಗಳ ತವರಾದ ದೇಶದಲ್ಲಿಯೇ ಕೊನೆಗೆ ಮಾತು ಮನೆಯವರ ಬಳಿಗೆ ಬಂದು ನಿಂತಿತೆಂಬುದನ್ನು ನಾವು ಗಮನಿಸಬೇಕು.

ಪಾಲಕರು ಮಾಡಬೇಕಾದುದು

ಹಾಗಾದರೆ ಈ ಯಂತ್ರವನ್ನು ಮನೆಗೆ ತರಬಾರದೆ? ನಾವು ಹಾಗೆ ಹೇಳುವುದಿಲ್ಲ. ಮಕ್ಕಳ ಕೈಗೆ ಮೊಬೈಲನ್ನು ಕೊಟ್ಟು ಸುಮ್ಮನಾಗುವುದಕ್ಕಿಂತ ಇದು ಅನೇಕ ರೀತಿಯಲ್ಲಿ ಲೇಸು. ಇದರಲ್ಲಿ ದೂರವಾಣಿಯಿಲ್ಲ, ಅಂತರ್ಜಾಲದಲ್ಲಿ ಎಲ್ಲೆಂದರಲ್ಲಿ ಅಲೆದಾಡುವ ಸಾಮಾನ್ಯ ಅನುಕೂಲವೂ ಇಲ್ಲ. ಒಮ್ಮೆ ಹಣ ಕೊಟ್ಟು ಕೊಂಡ ಆಟಗಳಲ್ಲಿ ಬಹುಪಾಲಿಗೆ ಆರಂಭವೂ ಮುಕ್ತಾಯವೂ ಇರುತ್ತವೆ. ಆಡಿ ಮುಗಿಸಿದ ಕಾರ್ಡನ್ನು ಗೆಳೆಯನಿಗೆ ಕೊಟ್ಟು ಅವನದನ್ನು ತರಬಹುದು.

ಆದರೆ ಯಂತ್ರ ಬಿಟ್ಟುಕೊಟ್ಟದ್ದನ್ನು ಮನೆ ತುಂಬಿಕೊಡಬೇಕು. ಅದಕ್ಕೆ ಕೆಲವು ಸೂಚನೆಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಮೊದಲನೆಯದು ಸ್ಥಳ. ಟಿ.ವಿ.ಗೆ ಜೋಡಿಸುವ ಯಂತ್ರ ತಾನಾಗಿಯೇ ನಡುಮನೆಯಲ್ಲಿ ಉಳಿಯುತ್ತದೆ. ಕೈಯಲ್ಲಿ ಹಿಡಿಯುವ ಯಂತ್ರ ಕೋಣೆಗೆ, ಹಾಸಿಗೆಗೆ, ಹೊದಿಕೆಯೊಳಗೆ ಹೋಗುತ್ತದೆ. ಆದ್ದರಿಂದ ಪಡಸಾಲೆಯಲ್ಲಿ ಕುಳಿತು ಆಡಬೇಕೆಂಬ ನಿಯಮ ಮೊದಲ ದಿನವೇ ಆಗಬೇಕು. ರಾತ್ರಿ ಯಂತ್ರ ಚಾರ್ಜ್ ಆಗುವುದು ತಂದೆತಾಯಿಗಳ ಕೋಣೆಯಲ್ಲಿರಲಿ.

ಎರಡನೆಯದು ಕಾಲ. ಈ ಯಂತ್ರದ ಮೇಲೆ ನಿಗಾ ಇಡಲು ಕಂಪನಿಯೇ ಪಾಲಕರ ಮೊಬೈಲಿಗೆಂದು ಉಚಿತವಾದ ಆ್ಯಪ್ ಕೊಟ್ಟಿದೆ. ದಿನಕ್ಕೆ ಎಷ್ಟು ಹೊತ್ತು ಆಡಬಹುದೆಂಬುದನ್ನೂ ರಾತ್ರಿ ಎಷ್ಟು ಗಂಟೆಗೆ ನಿಲ್ಲಿಸಬೇಕೆಂಬುದನ್ನೂ ಅದರಲ್ಲಿ ಗೊತ್ತುಪಡಿಸಬಹುದು. ಸಮಯ ಮುಗಿದಾಗ ಪರದೆಯ ಮೇಲೆ ಸೂಚನೆ ಬರುತ್ತದೆ. ಬೇಕಾದರೆ ಆಟವೇ ನಿಲ್ಲುವಂತೆಯೂ ಮಾಡಬಹುದು. ಯಾವ ಆಟವನ್ನು ಎಷ್ಟು ಹೊತ್ತು ಆಡಿದರೆಂಬ ಲೆಕ್ಕವೂ ದೊರೆಯುತ್ತದೆ. ಮಕ್ಕಳು ತಾವಾಗಿ ಆಟ ಕೊಳ್ಳದಂತೆ ಖರೀದಿಗೂ ಕಡಿವಾಣ ಹಾಕಬಹುದು. ಇದನ್ನೆಲ್ಲ ಮಗುವಿಗೆ ಕಾಣದಂತೆ ಮಾಡುವುದು ಸಲ್ಲದು. ಪಕ್ಕದಲ್ಲಿ ಕೂರಿಸಿಕೊಂಡು, ಕಾರಣ ಹೇಳಿ, ಒಪ್ಪಿಸಿ ಮಾಡಬೇಕು. ಕದ್ದು ಕಾಯುವುದರಿಂದ ಮಗು ಕದ್ದು ಆಡುವುದನ್ನು ಕಲಿಯುತ್ತದೆ.

ಮೂರನೆಯದು ಕಣ್ಣು ಮತ್ತು ಕೈ. ಗಂಟೆಗೊಮ್ಮೆ ಹತ್ತು ಹದಿನೈದು ನಿಮಿಷ ವಿಶ್ರಾಂತಿ ಕೊಡಬೇಕೆಂದು ಕಂಪನಿಯೇ ಸೂಚಿಸುತ್ತದೆ. ನೇತ್ರವೈದ್ಯರ ಮಾತಿನಂತೆ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದು ಕಣ್ಣಿನ ಆಯಾಸವನ್ನು ತಗ್ಗಿಸುತ್ತದೆ. ಬಯಲಿನ ಬೆಳಕಿನಲ್ಲಿ ಕಳೆಯುವ ಹೊತ್ತು ಮಕ್ಕಳಲ್ಲಿ ಸಮೀಪದೃಷ್ಟಿ ಬಾರದಂತೆ ತಡೆಯಲು ನೆರವಾಗುತ್ತದೆಂಬುದೂ ಸಂಶೋಧನೆಗಳಿಂದ ತಿಳಿದುಬಂದಿದೆ. ಆದುದರಿಂದ ಪರದೆಯ ಆಟಕ್ಕೆ ಮೊದಲು ಬಯಲಿನ ಆಟವಾಗಲಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು, ಮತ್ತು ಯಾವ ಆ್ಯಪ್‌ನಿಂದಲೂ ಆಗದಿರುವುದು. ಮಗು ಆಡುವಾಗ ಆಗಾಗ ಪಕ್ಕದಲ್ಲಿ ಕುಳಿತುಕೊಳ್ಳಿರಿ. 'ಇದೇನಪ್ಪ, ಇವನೇಕೆ ಹೀಗೆ ಜಿಗಿಯುತ್ತಾನೆ?' ಎಂದು ಅಜ್ಜಿ ಕೇಳಿದರೆ ಮೊಮ್ಮಗ ಆಟ ನಿಲ್ಲಿಸಿ ವಿವರಿಸಿ ಹೇಳುತ್ತಾನೆ. ಅಜ್ಜನ ಕೈಗೆ ಯಂತ್ರ ಕೊಟ್ಟು, ಅವರು ಹಳ್ಳಕ್ಕೆ ಬಿದ್ದಾಗ ನಕ್ಕು, ಹೇಗೆ ದಾಟಬೇಕೆಂದು ಕಲಿಸುತ್ತಾನೆ. ಹಿರಿಯರಿಗೆ ಕಲಿಸುವ ಅವಕಾಶ ಮಕ್ಕಳಿಗೆ ದೊರೆಯುವುದು ಅಪರೂಪ. ದೊರೆತಾಗ ಅವರು ಹಿಗ್ಗುತ್ತಾರೆ. ಮಕ್ಕಳಿಬ್ಬರಿದ್ದು ಯಂತ್ರ ಒಂದೇ ಇದ್ದರೆ ಇನ್ನೊಂದನ್ನು ಕೊಳ್ಳಲು ಅವಸರ ಬೇಡ. ಸರದಿಯ ಮೇಲೆ ಆಡುವುದನ್ನು, ಇನ್ನೊಬ್ಬರ ಆಟವನ್ನು ನೋಡಿ ಸಂತೋಷಪಡುವುದನ್ನು ಕಲಿಯಲು ಅದೇ ಸಂದರ್ಭ. ಯಂತ್ರದಿಂದ ಕಳಚಿಹೋದ ಎರಡನೆಯ ಆಟಗಾರನನ್ನು ಮನೆಯವರು ಹೀಗೆ ಮರಳಿ ತರಬಹುದು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬೇಡವಾದುದನ್ನು ಬಿಟ್ಟು, ಬೆಲೆ ತಗ್ಗಿಸಿ, ಬೇಕಾದುದನ್ನು ಚೊಕ್ಕವಾಗಿ ಉಳಿಸಿಕೊಂಡ ಸ್ವಿಚ್ ಲೈಟ್ ಆ ಮಾತಿಗೆ ಒಳ್ಳೆಯ ಉದಾಹರಣೆ. ಅದರ ನಿರ್ಮಾಪಕರ ಜಾಣ್ಮೆಯನ್ನು ಮೆಚ್ಚೋಣ. ಆದರೆ ಬೇಡವೆಂದು ಅವರು ಬಿಟ್ಟವುಗಳಲ್ಲಿ ನಮಗೆ ಬೇಕಾದುದೊಂದಿದ್ದಿತು. ಜೊತೆಗೂಡಿ ಕುಳಿತುಕೊಳ್ಳುವ ಆ ಸುಖವನ್ನು ಯಾವ ಕಂಪನಿಯೂ ಪೆಟ್ಟಿಗೆಯಲ್ಲಿಟ್ಟು ಕಳುಹಿಸಲಾರದು. ಈ ರಜೆಯಲ್ಲಿ ನಿಮ್ಮ ಮನೆಯ ಮಗು ಅಂತಹ ಯಂತ್ರವನ್ನು ಹಿಡಿದು ಮೂಲೆಯಲ್ಲಿ ಕುಳಿತಿದ್ದರೆ ಗದರಿಸುವ ಮೊದಲು ಒಂದು ಚಾಪೆ ಹಾಸಿ ಅದರ ಪಕ್ಕದಲ್ಲಿ ಕುಳಿತುಕೊಳ್ಳಿರಿ ಎಂದು ಪಾಲಕರಲ್ಲಿ ವಿನಂತಿಸುತ್ತೇವೆ.